ಅಪ್ಪನ ಕೇಸು, ಆ ಚೌಕಾಸಿ ಅರ್ಜಿ

2022ರ ಫೆಬ್ರವರಿ. ಪಂಚಾಯಿತಿ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದೆ. ಠಾಣೆಯಿಂದ ಒಬ್ಬರು ಪೇದೆ ಬಂದು ಕೋರ್ಟಿನ ನೋಟಿಸು ಕೊಟ್ಟರು, ಸಹಿ ಹಾಕಿಸಿಕೊಂಡು ಹೋದರು. ಅಪ್ಪನ ಕೇಸಿನದು. ಎರಡು ವರ್ಷದಲ್ಲಿ ಕೋರ್ಟಿನಿಂದ ನಮ್ಮ ಮನೆಗೆ ಬಂದ ಮೊದಲ ಕಾಗದ ಅದು. ಆರೋಪಿ ಚೌಕಾಸಿ ಮನವಿ ಅರ್ಜಿ ಹಾಕಿದ್ದಾನೆ, ಇಂಥ ದಿನ ಹಾಜರಾಗಿ ಅಂತ ಬರೆದಿತ್ತು. ಚೌಕಾಸಿ ಅನ್ನುವ ಪದದ ಹತ್ತಿರ ನನ್ನ ಕಣ್ಣು ನಿಂತುಬಿಟ್ಟಿತು.

ಸಂಜೆ ಮನೆಯಲ್ಲಿ ಓದಿ ಹೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು.

"ದನದ ಜಾತ್ರೇಲಿ ಟವೆಲ್ ಒಳಗೆ ಬೆರಳು ಹಿಡಿದು ಮಾಡ್ತಾರಲ್ಲ, ಆ ವ್ಯಾಪಾರನಾ ಇದು? ನಿಮ್ಮಪ್ಪನ್ನ ಏನಂದ್ಕೊಂಡವ್ರೆ ಅವರು?"

ತಮ್ಮ ಇನ್ನೂ ಜೋರಾಗಿ ಕೂಗಾಡಿದ. ನನಗೂ ಹಾಗೇ ಅನ್ನಿಸಿತ್ತು. ಇವತ್ತು ಹಾಗೆ ಅನ್ನಿಸುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಸ್ವಲ್ಪ ತೆಂಗಿನ ತೋಟ, ಎರಡು ಹಸು. 2019ರ ಡಿಸೆಂಬರ್‌ನಲ್ಲಿ ಒಂದು ದಿನ ಬೆಳಗಿನ ಜಾವ ಅಪ್ಪ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಡೈರಿಗೆ ಹಾಲು ಹಾಕಲು ಹೊರಟಿದ್ದರು. ಎಳನೀರು ತುಂಬಿದ್ದ ಟೆಂಪೊ ಹಿಂದಿನಿಂದ ಬಂದು ಗುದ್ದಿತು. ಆಸ್ಪತ್ರೆ ತಲುಪುವ ಮೊದಲೇ ಅಪ್ಪ ಹೋಗಿಬಿಟ್ಟಿದ್ದರು. ಡೈರಿ ಹತ್ತಿರ ಇದ್ದವರು ಡ್ರೈವರನ್ನು ಹಿಡಿದು ನಿಲ್ಲಿಸಿಕೊಂಡಿದ್ದರು. ಇಪ್ಪತ್ತೈದು ದಾಟಿರದ ಹುಡುಗ.

ಪೊಲೀಸರು ಭಾರತೀಯ ದಂಡ ಸಂಹಿತೆಯ 279 ಮತ್ತು 304ಎ ಹಾಕಿದರು. ಮೊದಲನೆಯದು ಅಡ್ಡಾದಿಡ್ಡಿ ಓಡಿಸಿದ್ದಕ್ಕೆ, ಎರಡನೆಯದು ನಿರ್ಲಕ್ಷ್ಯದಿಂದ ಸಾವಾಗಿದ್ದಕ್ಕೆ. 304ಎಗೆ ಆಗ ಹೆಚ್ಚೆಂದರೆ ಎರಡು ವರ್ಷ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಜಾಮೀನು ಸಿಗುವ ಕಲಂ, ಅವನು ಹೊರಗೆ ಬಂದ. ಚಾರ್ಜ್‌ಶೀಟ್ ಆಯಿತು. ಆಮೇಲೆ ಕೊರೊನಾ ಬಂತು, ಕೋರ್ಟು ನಡೆದಿದ್ದೇ ಕಡಿಮೆ. ಆರೋಪ ಓದಿ ಹೇಳಿದಾಗ ಅವನು ತಪ್ಪು ಮಾಡಿಲ್ಲ ಅಂದನಂತೆ. ಇದೆಲ್ಲ ನಮಗೆ ಗೊತ್ತಾಗಿದ್ದು ಯಾರೋ ಹೇಳಿದ ಮೇಲೆ. ಸರ್ಕಾರಕ್ಕೂ ಡ್ರೈವರಿಗೂ ನಡೆಯುವ ಕೇಸು ಅದು. ನಾವು ಅದರಲ್ಲಿ ಬರೀ ಸಾಕ್ಷಿಗಳು. ಕರೆದಾಗ ಬರಬೇಕು, ಕೇಳಿದ್ದಕ್ಕೆ ಉತ್ತರ ಕೊಡಬೇಕು, ಅಷ್ಟೇ.

ಈ ನಡುವೆ ಊರಲ್ಲಿ ಒಂದು ಮಾತು ಹಬ್ಬಿತ್ತು. ಕತ್ತಲಲ್ಲಿ ಮುದುಕ ರಸ್ತೆ ಮಧ್ಯಕ್ಕೆ ಸೈಕಲ್ ತಂದ, ಡ್ರೈವರ್ ತಾನೆ ಏನು ಮಾಡಿಯಾನು ಅಂತ. ನಾವು ಬೇರೆಯಾಗಿ ಹಾಕಿದ್ದ ಪರಿಹಾರದ ಕೇಸಿನಲ್ಲಿ ವಿಮೆ ಕಂಪನಿಯವರೂ ಅದನ್ನೇ ಬರೆದಿದ್ದರು. ಅಮ್ಮನಿಗೆ ದುಡ್ಡಿಗಿಂತ, ಜೈಲಿಗಿಂತ ಆ ಮಾತು ಚುಚ್ಚುತ್ತಿತ್ತು. ನಲವತ್ತು ವರ್ಷ ರಸ್ತೆಯ ಮಣ್ಣಿನ ಅಂಚು ಬಿಟ್ಟು ಟಾರಿಗೆ ಚಕ್ರ ಇಳಿಸದ ಮನುಷ್ಯ ನಮ್ಮಪ್ಪ.

ನೋಟಿಸು ಹಿಡಿದು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದೆ. ಕೋರ್ಟಿನ ಆವರಣದಲ್ಲೇ ಇರುತ್ತದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರ ನೆರವು ಉಚಿತ. ಇದು 1987ರ ಕಾಯ್ದೆಯಲ್ಲೇ ಇದೆ. ಎಷ್ಟೋ ಜನಕ್ಕೆ ಗೊತ್ತಿಲ್ಲ, ಅದಕ್ಕೆ ಒತ್ತಿ ಹೇಳುತ್ತಿದ್ದೇನೆ. ಪ್ಯಾನೆಲ್ ವಕೀಲರೊಬ್ಬರು ಸಿಕ್ಕರು. ವಯಸ್ಸಾದ ಮೇಡಂ. ಒಂದು ಹಾಳೆ ಮೇಲೆ ಬರೆದು ಬರೆದು ಹೇಳಿಕೊಟ್ಟರು.

ಇದನ್ನು ಎಲ್ಲರೂ ಪ್ಲೀ ಬಾರ್ಗೇನಿಂಗ್ ಅಂತಲೇ ಕರೆಯುತ್ತಾರೆ. ತಪ್ಪು ಮಾಡಿದವನು ವಿಚಾರಣೆ ಮುಗಿಯುವ ತನಕ ಕಾಯದೆ, ಒಪ್ಪಿಕೊಳ್ಳುತ್ತೇನೆ, ಶಿಕ್ಷೆ ಕಡಿಮೆ ಮಾಡಿ ಅಂತ ಕೇಳುವುದು. ಅಮೆರಿಕದಲ್ಲಿ ಬಹುಪಾಲು ಕೇಸು ಹೀಗೇ ಮುಗಿಯುತ್ತವೆ. ಅಲ್ಲಿ ಸರ್ಕಾರಿ ವಕೀಲರು ಆರೋಪವನ್ನೇ ಇಳಿಸಬಹುದು. ನಮ್ಮಲ್ಲಿ ಹಾಗಿಲ್ಲ. ಆರೋಪ ಇದ್ದದ್ದು ಇದ್ದ ಹಾಗೇ ಇರುತ್ತದೆ, ಮಾತುಕತೆ ಶಿಕ್ಷೆ ಮತ್ತು ಪರಿಹಾರದ ಮೇಲೆ ಮಾತ್ರ. ಏಳು ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧಕ್ಕೆ ಇದು ಇಲ್ಲ. ಹೆಂಗಸರ ಮೇಲೆ, ಮಕ್ಕಳ ಮೇಲೆ ನಡೆದ ಅಪರಾಧಕ್ಕೂ ಇಲ್ಲ. ಅದೇ ತಪ್ಪಿಗೆ ಮುಂಚೆ ಶಿಕ್ಷೆ ಆಗಿದ್ದವನಿಗೂ ಇಲ್ಲ.

"ಹಾಗಾದ್ರೆ ನಮ್ಮನ್ನ ಯಾಕೆ ಕರೆದಿದ್ದಾರೆ ಮೇಡಂ?" ಅಂದೆ.

"ಯಾಕಂದ್ರೆ ನಿಮ್ಮನ್ನ ಬಿಟ್ಟು ಮಾತುಕತೆ ಮಾಡೋ ಹಾಗಿಲ್ಲಮ್ಮ. ಆರೋಪಿ, ಸರ್ಕಾರಿ ವಕೀಲರು, ತನಿಖೆ ಮಾಡಿದ ಪೊಲೀಸು, ನೊಂದವರು, ನಾಲ್ಕೂ ಜನಕ್ಕೆ ನೋಟಿಸ್ ಕೊಡಲೇಬೇಕು. ಸತ್ತವರ ಪರವಾಗಿ ವಾರಸುದಾರರೇ ನೊಂದವರು."

ಆ ಮಾತು ಕೇಳಿ ಸುಮ್ಮನಾದೆ. ಎರಡು ವರ್ಷದಲ್ಲಿ ಮೊದಲ ಸಲ ಯಾರೋ ನಮ್ಮನ್ನು ಲೆಕ್ಕಕ್ಕೆ ತಗೊಂಡಿದ್ದರು. ಆದರೆ ಅದೇ ಕಲಮಿನಲ್ಲಿ ಒಂದು ಕೊರತೆಯನ್ನೂ ಮೇಡಂ ತೋರಿಸಿದರು. ಪೊಲೀಸ್ ಕೇಸಿನಲ್ಲಿ ಆರೋಪಿ ಮಾತುಕತೆಗೆ ತನ್ನ ವಕೀಲರನ್ನು ಕರೆದುಕೊಂಡು ಬರಬಹುದು ಅಂತ ಸ್ಪಷ್ಟವಾಗಿ ಬರೆದಿದೆ. ನೊಂದವರ ವಕೀಲರ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ. ಜಡ್ಜ್ ಅನುಮತಿ ಕೊಟ್ಟರೆ ಬರುತ್ತೇನೆ ಅಂದರು. ಕೊಟ್ಟರು. ಕೊಡದೆ ಇದ್ದಿದ್ದರೆ ಏನು ಮಾಡಬೇಕಿತ್ತು? ಓದು ಬರಹ ಅಷ್ಟಾಗಿ ಬಾರದ ನಮ್ಮಮ್ಮನಂಥವರು ಒಬ್ಬರೇ ಹೋಗಿ ಆ ಮೇಜಿನ ಮುಂದೆ ಕೂರುವುದು ಸರಿಯೇ? ಇದು ಬದಲಾಗಲೇಬೇಕು ಅಂತ ನನಗೆ ಈಗಲೂ ಅನ್ನಿಸುತ್ತದೆ.

ನೋಟಿಸಿನ ದಿನ ಮೊದಲು ಅವನೊಬ್ಬನನ್ನೇ ಒಳಗೆ ಕರೆದರು. ನಮ್ಮನ್ನೆಲ್ಲ ಹೊರಗೆ ಕೂರಿಸಿದರು. ಜಡ್ಜ್ ಅವನನ್ನು ಬೇರೆ ಪಾರ್ಟಿ ಯಾರೂ ಇಲ್ಲದಾಗ ಕೇಳಬೇಕು, ನಿನ್ನ ಇಷ್ಟದಿಂದಲೇ ಅರ್ಜಿ ಹಾಕಿದ್ದೀಯಾ, ಯಾರಾದರೂ ಒತ್ತಾಯ ಮಾಡಿದರಾ, ಎಷ್ಟು ಶಿಕ್ಷೆ ಆಗಬಹುದು ಗೊತ್ತಾ ಅಂತ. ತಮ್ಮ ಕೆರಳಿದ. "ಅವನನ್ನ ಕೂರಿಸ್ಕೊಂಡು ಮಾತಾಡಿಸ್ತಾರೆ, ನಮ್ಮನ್ನ ಹೊರಗೆ ಹಾಕ್ತಾರೆ" ಅಂದ. ಆಗ ಮೇಡಂ ಒಂದು ಹಳೇ ಕೇಸಿನ ಕತೆ ಹೇಳಿದರು.

ಅದು ನಮ್ಮ ಕರ್ನಾಟಕದ್ದೇ. ತಿಪ್ಪಸ್ವಾಮಿ ಮತ್ತು ಕರ್ನಾಟಕ ರಾಜ್ಯದ ಕೇಸು ಅಂತ 1983ರ ಕಾನೂನು ವರದಿಗಳಲ್ಲಿ ಇದೆ. ಅದೂ 304ಎ ಕೇಸೇ. ಆರೋಪಿ ತಪ್ಪೊಪ್ಪಿಕೊಂಡ, ಕೆಳಗಿನ ಕೋರ್ಟು ಬರೀ ದಂಡ ಹಾಕಿತು. ಸರ್ಕಾರ ಮೇಲಕ್ಕೆ ಹೋಯಿತು, ಹೈಕೋರ್ಟು ಜೈಲು ಹಾಕಿತು. ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಸಣ್ಣ ಶಿಕ್ಷೆ ಅಂತ ನಂಬಿಸಿ ತಪ್ಪೊಪ್ಪಿಸಿ, ಆಮೇಲೆ ಶಿಕ್ಷೆ ಹೆಚ್ಚಿಸುವುದು ಜೀವ, ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಗೆ ವಿರುದ್ಧ ಅಂತ ಹೇಳಿ, ಮತ್ತೆ ವಿಚಾರಣೆ ಮಾಡಿ ಅಂತ ವಾಪಸ್ ಕಳಿಸಿತು. ಆ ಕಾಲದಲ್ಲಿ ಚೌಕಾಸಿ ಅಂದರೆ ಸುಪ್ರೀಂ ಕೋರ್ಟಿಗೆ ಆಗುತ್ತಿರಲಿಲ್ಲ. 1976ರಲ್ಲಿ, 1980ರಲ್ಲಿ, 1999ರಲ್ಲೂ ಬೇಡ ಅಂತಲೇ ಹೇಳಿತ್ತು. ಆದರೆ ಕೇಸುಗಳು ಗುಡ್ಡೆ ಬಿದ್ದವು. ಕಾನೂನು ಆಯೋಗ 1991ರಲ್ಲಿ, ಮತ್ತೆ 1996ರಲ್ಲಿ ಶಿಫಾರಸು ಮಾಡಿತು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿಯೂ 2003ರ ವರದಿಯಲ್ಲಿ ಬೇಕು ಅಂದಿತು. 2006ರ ಜುಲೈ 5ರಿಂದ ಕಾನೂನಾಗಿ ಬಂತು. ಹಳೆಯ ಕೋರ್ಟುಗಳಿಗೆ ಇದ್ದ ಭಯ ಏನಿತ್ತೋ ಅದಕ್ಕೇ ಈ ಬಾಗಿಲು ಹಾಕಿ ಕೇಳುವ ಪ್ರಶ್ನೆ.

ಆ ಭಯ ಸುಮ್ನೆ ಅಲ್ಲ. ಮೇಡಂ ಜೈಲಿಗೆ ಹೋಗಿ ವಿಚಾರಣಾ ಕೈದಿಗಳಿಗೆ ನೆರವು ಕೊಟ್ಟವರು. ಕಳ್ಳತನದ ಕೇಸು ಅಂದುಕೊಳ್ಳಿ. ಹೆಚ್ಚೆಂದರೆ ಮೂರು ವರ್ಷ. ಚೌಕಾಸಿಯಲ್ಲಿ ಒಪ್ಪಿಕೊಂಡರೆ ಆಗಿನ ಕಾನೂನಿನಲ್ಲಿ ಅದರ ಕಾಲು ಭಾಗ ಕೊಡಬಹುದಿತ್ತು, ಅಂದರೆ ಒಂಬತ್ತು ತಿಂಗಳು. ಜಾಮೀನು ಕೊಡಿಸಲು ಯಾರೂ ಇಲ್ಲದ ಹುಡುಗ ಆಗಲೇ ಒಂಬತ್ತು ತಿಂಗಳು ಒಳಗಿದ್ದಾನೆ. ಒಳಗಿದ್ದ ದಿನಗಳನ್ನು ಶಿಕ್ಷೆಯಲ್ಲಿ ಕಳೆಯುತ್ತಾರೆ. ಅಂದರೆ ಕದ್ದೆ ಅಂತ ಒಪ್ಪಿಕೊಂಡರೆ ಅವತ್ತೇ ಮನೆಗೆ, ಕದ್ದಿಲ್ಲ ಅಂದರೆ ಇನ್ನೂ ಒಳಗೆ. ಕದಿಯದ ಹುಡುಗನೂ ಏನು ಹೇಳಿಯಾನು ಯೋಚಿಸಿ. ಒಬ್ಬ ಹುಡುಗ ಮೇಡಂ ಹತ್ತಿರ, "ಮೇಡಂ, ಯಾವುದು ಹೇಳಿದ್ರೆ ಬೇಗ ಬಿಡ್ತಾರೋ ಅದನ್ನೇ ಬರ್ಕೊಳ್ಳಿ" ಅಂದಿದ್ದನಂತೆ. ಅಂಥವನ ಪಾಲಿಗೆ ಜಡ್ಜ್ ಒಬ್ಬರೇ ಕೂರಿಸಿಕೊಂಡು ಕೇಳುವ ಆ ಹತ್ತು ನಿಮಿಷವೇ ಇರುವ ಕಾವಲು. ಆ ಹತ್ತು ನಿಮಿಷ ಸರಿಯಾಗಿ ನಡೆಯದಿದ್ದರೆ ಇಡೀ ಕಾನೂನೇ ಬಡವರ ಕುತ್ತಿಗೆಗೆ ಬರುತ್ತದೆ.

ಮಾತುಕತೆ ನಡೆದಿದ್ದು ಏಪ್ರಿಲ್‌ನಲ್ಲಿ. ಜಡ್ಜ್ ಛೇಂಬರಿನಲ್ಲಿ ಮೇಜಿನ ಸುತ್ತ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಕೇಸು ತನಿಖೆ ಮಾಡಿದ್ದ ಸಬ್ ಇನ್‌ಸ್ಪೆಕ್ಟರ್ ಬೇರೆ ತಾಲ್ಲೂಕಿಗೆ ವರ್ಗವಾಗಿದ್ದರು, ಅಲ್ಲಿಂದ ಬಂದಿದ್ದರು. ಜಡ್ಜ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಕೂತ್ಕೊಳ್ಳಿ ಅಮ್ಮ. ನಿಮಗೆ ಇಷ್ಟ ಇಲ್ಲ ಅಂದ್ರೆ ಬೇಡ ಅನ್ನಬಹುದು. ಆಗ ವಿಚಾರಣೆ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯುತ್ತೆ" ಅಂತ ಮೊದಲೇ ಹೇಳಿದರು. ಅಮ್ಮ ಸೆರಗು ಸರಿಮಾಡಿಕೊಂಡು ಕುರ್ಚಿಯ ತುದಿಯಲ್ಲಿ ಕೂತರು.

ಸರ್ಕಾರಿ ವಕೀಲರು ಲೆಕ್ಕ ಬಿಡಿಸಿದರು. ಎರಡು ವರ್ಷದ ಕಾಲು ಭಾಗ ಆರು ತಿಂಗಳು. ಡ್ರೈವರಿನ ವಕೀಲರು ಬರೀ ದಂಡ ಸಾಕು, ಹುಡುಗ ಚಿಕ್ಕವನು, ಸನ್ನಡತೆ ಮೇಲೆ ಬಿಡಿ ಅಂದರು. ಸರ್ಕಾರಿ ವಕೀಲರು ಒಪ್ಪಲಿಲ್ಲ. ಇಂಥ ಡ್ರೈವಿಂಗ್ ಕೇಸಿನಲ್ಲಿ ಹಾಗೆ ಬಿಡಬಾರದು ಅಂತ ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ ಅಂದರು. ನಮ್ಮ ಕಡೆಗೂ ತಿರುಗಿ ಮುಚ್ಚುಮರೆ ಇಲ್ಲದೆ ಹೇಳಿದರು. ಡೈರಿಯವರ ಸಾಕ್ಷಿ ಗಟ್ಟಿಯಾಗಿದೆ. ಆದರೆ ವಿಚಾರಣೆಗೆ ಬರುವಷ್ಟರಲ್ಲಿ ಸಾಕ್ಷಿ ತಿರುಗಿ ಬೀಳುವುದನ್ನು ನಾನು ಎಷ್ಟೋ ಕೇಸಲ್ಲಿ ನೋಡಿದ್ದೀನಿ. ಶಿಕ್ಷೆ ಆದರೂ ಅಪೀಲು ಅಂತ ಮೇಲಕ್ಕೆ ಹೋಗುತ್ತೆ. ಇದರಲ್ಲಿ ಅಪೀಲು ಇಲ್ಲ, ಇವತ್ತು ಆಗಿದ್ದೇ ಕೊನೆ. ಹೈಕೋರ್ಟಿಗೆ ರಿಟ್ ಅಥವಾ ಸುಪ್ರೀಂ ಕೋರ್ಟಿಗೆ ವಿಶೇಷ ಅರ್ಜಿ, ಅಷ್ಟೇ ದಾರಿ.

ತಮ್ಮ ಎದ್ದು ನಿಂತ. "ಆರು ತಿಂಗಳಾ? ಒಂದು ಜೀವಕ್ಕೆ ಆರು ತಿಂಗಳಾ ಸಾರ್?" ಯಾರೂ ಮಾತಾಡಲಿಲ್ಲ. ಎರಡು ವರ್ಷ ಜೈಲು ಆಗಿದ್ದರೂ ಆ ಪ್ರಶ್ನೆ ಹಾಗೇ ಇರುತ್ತಿತ್ತು ಅಂತ ಈಗ ಅನ್ನಿಸುತ್ತದೆ. ಆವತ್ತು ನನಗೂ ಉತ್ತರ ತೋಚಲಿಲ್ಲ.

ಅಷ್ಟರಲ್ಲಿ ಅಮ್ಮ ನೇರವಾಗಿ ಆ ಹುಡುಗನನ್ನೇ ಕೇಳಿದರು.

"ಅವತ್ತು ಏನಾಯ್ತು ಹೇಳಪ್ಪ. ನನಗೆ ಅದು ಗೊತ್ತಾಗಬೇಕು."

ಅವನ ವಕೀಲರು ಏನೋ ಹೇಳಲು ಹೋದರು. ಜಡ್ಜ್ ಕೈ ಎತ್ತಿ ತಡೆದರು. ಹುಡುಗ ತಲೆ ತಗ್ಗಿಸಿಕೊಂಡಿದ್ದ. ಎರಡು ರಾತ್ರಿ ನಿದ್ದೆ ಇರಲಿಲ್ಲ ಅಂದ. ಬೆಂಗಳೂರಿಗೆ ಲೋಡ್ ಇಳಿಸಿ ವಾಪಸ್ ಬಂದವನನ್ನು ಮಾಲೀಕರು ಮತ್ತೆ ಲೋಡ್ ಮಾಡಿಸಿ ಕಳಿಸಿದ್ದರು. ಕಣ್ಣು ಮುಚ್ಚಿಹೋಯಿತು. ಸದ್ದಾದಾಗಲೇ ಎಚ್ಚರವಾಗಿದ್ದು.

"ಅವರು ಟಾರ್ ಮೇಲೆ ಇರ್ಲಿಲ್ಲಮ್ಮ. ಮಣ್ಣಲ್ಲೇ ಇದ್ರು. ನನ್ ಗಾಡೀನೇ ಮಣ್ಣಿಗೆ ಇಳೀತು."

ಅಮ್ಮ ನನ್ನ ಕೈ ಹಿಡಿದುಕೊಂಡರು. ಬೆರಳು ನೋಯುವ ಹಾಗೆ ಬಿಗಿಯಾಗಿ. ಅಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಸಬ್ ಇನ್‌ಸ್ಪೆಕ್ಟರ್ ಕಡೆ ತಿರುಗಿ, "ಕೇಳಿದ್ರಲ್ಲ ಸ್ವಾಮಿ, ಮಣ್ಣಲ್ಲೇ ಇದ್ರಂತೆ" ಅಂದರು. ಅವರು, "ಹೌದಮ್ಮ, ಮಹಜರಲ್ಲೂ ನಾನು ಹಾಗೇ ಬರ್ದಿದ್ದೀನಿ" ಅಂದರು. ಎರಡು ವರ್ಷದಿಂದ ಠಾಣೆಯ ಫೈಲಿನಲ್ಲಿ ಇದ್ದ ಮಾತು. ನಮಗೆ ಹೇಳುವವರು ಯಾರೂ ಇರಲಿಲ್ಲ, ಅಷ್ಟೇ.

ಪರಿಹಾರದ ಕೇಸಿನಲ್ಲಿ ಇವನ ಮಾತನ್ನು ಬಳಸಬಹುದಾ ಅಂತ ಆಮೇಲೆ ಮೇಡಂನ ಕೇಳಿದೆ. ಆಗುವುದಿಲ್ಲ ಅಂದರು. ಚೌಕಾಸಿ ಅರ್ಜಿಯಲ್ಲಿ ಆರೋಪಿ ಹೇಳಿಕೊಂಡಿದ್ದನ್ನು ಬೇರೆ ಯಾವ ಕೆಲಸಕ್ಕೂ ಬಳಸಬಾರದು ಅಂತ ಕಾನೂನೇ ಹೇಳುತ್ತದೆ. ಆ ರಕ್ಷಣೆ ಇಲ್ಲದಿದ್ದರೆ ಯಾರೂ ಬಾಯಿ ಬಿಡುವುದಿಲ್ಲವಲ್ಲ. ವಿಮೆಯವರ ಮುಂದೆ ಮಹಜರು, ಚಾರ್ಜ್‌ಶೀಟು, ಡೈರಿಯವರ ಸಾಕ್ಷಿ ಇಟ್ಟುಕೊಂಡು ನಾವು ಬೇರೆಯಾಗಿಯೇ ಹೋರಾಡಬೇಕಾಯಿತು. ಅದು ನನಗೆ ಕಷ್ಟ ಅನ್ನಿಸಿತು. ಆದರೂ ತಪ್ಪು ಅನ್ನಿಸಲಿಲ್ಲ.

ಕೊನೆಗೆ ಆರು ತಿಂಗಳು ಸಾದಾ ಜೈಲು, 50,000 ರೂಪಾಯಿ ಪರಿಹಾರ ಅಂತ ಒಪ್ಪಂದವಾಯಿತು. ಹುಡುಗ ಯಾಕೆ ಒಪ್ಪಿದ ಅಂತ ನೀವು ಕೇಳಬಹುದು. ಒಂದೊಂದು ವಾಯಿದೆಗೂ ಎರಡು ದಿನದ ಕೂಲಿ ಹೋಗುತ್ತಿತ್ತು. ಒಂದು ಸಲ ಬಾರದೆ ಇದ್ದಿದ್ದಕ್ಕೆ ವಾರಂಟ್ ಆಗಿತ್ತು. ಎರಡು ವರ್ಷ ಆಗಬಹುದಾಗಿದ್ದದ್ದು ಆರು ತಿಂಗಳಿಗೆ ಮುಗಿಯುತ್ತದೆ ಅಂತ ಅವನ ವಕೀಲರು ಹೇಳಿರುತ್ತಾರೆ. ಅದರ ಜೊತೆಗೆ, ಅವನಿಗೆ ಆ ಮಾತು ಹೊತ್ತುಕೊಂಡು ಓಡಾಡುವುದು ಸಾಕಾಗಿತ್ತು ಅಂತ ನಾನು ನಂಬುತ್ತೇನೆ. ಅವನ ಮುಖ ನಾನು ಎರಡು ಗಜ ದೂರದಿಂದ ನೋಡಿದ್ದೇನೆ.

ಇನ್ನೇನಾದರೂ ಇದೆಯಾ ಅಂತ ಜಡ್ಜ್ ಅಮ್ಮನನ್ನು ಕೇಳಿದರು.

"ಅವರ ಸೈಕಲ್ಲು ಠಾಣೇಲಿ ಐತೆ ತಾಯಿ. ಅದನ್ನ ಕೊಡಿಸಿ."

ವರದಿ ಟೈಪಾಗಿ ಬಂತು. ಜಡ್ಜ್ ಸೇರಿ ಎಲ್ಲರೂ ಸಹಿ ಹಾಕಬೇಕು. ಅಮ್ಮ ಹೆಬ್ಬೆಟ್ಟು ಒತ್ತಲಿಲ್ಲ. ಪೆನ್ನು ಇಸಿದುಕೊಂಡು ಒಂದೊಂದೇ ಅಕ್ಷರ ಬಿಡಿಸಿ ಹೆಸರು ಬರೆದರು. ಎಲ್ಲರೂ ಕಾದರು. ಟವೆಲ್ ಒಳಗಿನ ಬೆರಳಿನ ವ್ಯಾಪಾರ ಅದಾಗಿರಲಿಲ್ಲ. ಹೇಳಿದ್ದೆಲ್ಲ ಎಲ್ಲರಿಗೂ ಕೇಳಿತ್ತು, ಎಲ್ಲರ ಕಣ್ಣ ಮುಂದೆ ಕಾಗದದ ಮೇಲಿತ್ತು.

ತೀರ್ಪು ತೆರೆದ ಕೋರ್ಟಿನಲ್ಲೇ ಹೇಳಬೇಕು. ಆ ದಿನ ಹುಡುಗ ಒಂದು ಬಟ್ಟೆ ಅಂಗಡಿಯ ಕೈಚೀಲ ತಂದಿದ್ದ. ಎರಡು ಜೊತೆ ಬಟ್ಟೆ, ಒಂದು ಬೆಡ್‌ಶೀಟು, ಒಂದು ಸೋಪಿನ ಡಬ್ಬಿ. ಅಲ್ಲಿಂದಲೇ ಜೈಲಿಗೆ ಹೋಗುವುದು ಅವನಿಗೆ ಗೊತ್ತಿತ್ತು. ಅವನ ತಾಯಿ ಕಾರಿಡಾರಿನ ಕಂಬಕ್ಕೆ ಒರಗಿ ನಿಂತಿದ್ದರು. ನಮ್ಮಮ್ಮನೂ ಅವರೂ ಒಬ್ಬರನ್ನೊಬ್ಬರು ನೋಡಿದರು. ಮಾತಾಡಲಿಲ್ಲ.

ಈಗ ಕಾನೂನು ಬದಲಾಗಿದೆ. 2024ರ ಜುಲೈ 1ರಿಂದ ಹೊಸ ಸಂಹಿತೆಗಳು ಬಂದಿವೆ. ನಿರ್ಲಕ್ಷ್ಯದ ಸಾವಿಗೆ ಈಗ ಐದು ವರ್ಷದ ತನಕ ಶಿಕ್ಷೆ. ಮೊದಲ ಸಲ ತಪ್ಪು ಮಾಡಿದವನಿಗೆ ಚೌಕಾಸಿಯಲ್ಲಿ ಆರನೇ ಒಂದು ಭಾಗ, ಅಂದರೆ ಹತ್ತು ತಿಂಗಳು. ಉಳಿದವರಿಗೆ ಕಾಲು ಭಾಗ, ಹದಿನೈದು ತಿಂಗಳು. ಗುದ್ದಿ, ಹೇಳದೆ ಕೇಳದೆ ಓಡಿಹೋದರೆ ಹತ್ತು ವರ್ಷ ಅಂತ ಬರೆದರು. 2024ರ ಜನವರಿಯಲ್ಲಿ ಲಾರಿ ಚಾಲಕರು ದೊಡ್ಡದಾಗಿ ಪ್ರತಿಭಟಿಸಿದರು, ಅದೊಂದು ಉಪಕಲಮನ್ನು ಮಿಕ್ಕವುಗಳ ಜೊತೆ ಜಾರಿಗೆ ತರಲಿಲ್ಲ. ಬಂದರೆ ಏಳು ವರ್ಷ ಮೀರುತ್ತದೆ, ಅದಕ್ಕೆ ಚೌಕಾಸಿಯೂ ಇರುವುದಿಲ್ಲ.

ಚಾರ್ಜ್ ಫ್ರೇಮ್ ಆದ 30 ದಿನದೊಳಗೆ ಅರ್ಜಿ ಹಾಕಬೇಕು, 60 ದಿನದೊಳಗೆ ಮಾತುಕತೆ ಮುಗಿಯಬೇಕು ಅಂತ ಗಡುವು ಕೂಡ ಇಟ್ಟಿದ್ದಾರೆ. ಮಾತುಕತೆ ಎಳೆದಾಡಬಾರದು ಅನ್ನುವುದು ಸರಿ. ಆದರೆ ಅರ್ಜಿಗೆ 30 ದಿನ ನನಗೆ ಕಡಿಮೆ ಅನ್ನಿಸುತ್ತದೆ. ಮೊದಲು ತಪ್ಪಿಲ್ಲ ಅಂದಿದ್ದ ನಮ್ಮ ಹುಡುಗನಿಗೆ ಒಪ್ಪಿಕೊಳ್ಳುವ ಮನಸ್ಸು ಬಂದಿದ್ದು ಬಹಳ ತಡವಾಗಿ. ಹೊಸ ಗಡುವಿನಲ್ಲಿ ಅವನು ನಮ್ಮ ಮುಂದೆ ಬಂದು ಕೂರುತ್ತಿರಲೇ ಇಲ್ಲವೇನೋ. ಅಮ್ಮನಿಗೆ ಆ ಮಣ್ಣಿನ ಮಾತು ಸಿಗುತ್ತಿರಲಿಲ್ಲ.

ಇಷ್ಟೆಲ್ಲ ಇದ್ದರೂ ಈ ದಾರಿ ಹಿಡಿಯುವವರು ಬಹಳ ಕಡಿಮೆ. ದೇಶದ ಅಪರಾಧಗಳ ಲೆಕ್ಕ ಇಡುವ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ (ಎನ್‌ಸಿಆರ್‌ಬಿ) ತರುವ ವಾರ್ಷಿಕ ವರದಿಯ ಕೋಷ್ಟಕ ನೋಡಿದರೆ, ಕೋರ್ಟಿನಲ್ಲಿರುವ ಕೇಸುಗಳಲ್ಲಿ ಹೀಗೆ ಮುಗಿಯುವುದು ನೂರಕ್ಕೆ ಒಂದೂ ಇಲ್ಲ. ಒಪ್ಪಿಕೊಂಡರೆ ಜೀವನಪೂರ್ತಿ ಅಪರಾಧಿ ಅನ್ನಿಸಿಕೊಳ್ಳುವ ಭಯ ಒಂದು ಕಡೆ. ಎಳೆದಾಡಿದರೆ ಖುಲಾಸೆ ಆಗುತ್ತದೆ ಅನ್ನುವ ಆಸೆ ಇನ್ನೊಂದು ಕಡೆ. ಇದರ ಜೊತೆಗೆ ಆ ಹೆಸರೂ ಒಂದು ಕಾರಣ ಅಂತ ನನಗೆ ಅನುಮಾನ. ಚೌಕಾಸಿ ಅಂತ ಬರೆದ ನೋಟಿಸನ್ನು ಸತ್ತವರ ಮನೆಗೆ ಯಾಕೆ ಕಳಿಸಬೇಕು? ಒಪ್ಪಿಗೆಯ ಮಾತುಕತೆ ಅಂದರೆ ಸಾಕಲ್ವಾ?

ತೀರ್ಪಾದ ಎರಡು ವಾರಕ್ಕೆ ನಾನೂ ತಮ್ಮನೂ ಠಾಣೆಗೆ ಹೋದೆವು. ಹಿಂದುಗಡೆ ಹೊಂಗೆ ಮರದ ಕೆಳಗೆ ಜಪ್ತಿ ಮಾಡಿದ ಬೈಕುಗಳ ಸಾಲು, ಅದರ ಕೊನೆಯಲ್ಲಿ ಅಪ್ಪನ ಸೈಕಲ್ಲು. ಕಡ್ಡಿಗಳ ನಡುವೆ ಬಳ್ಳಿ ಹಬ್ಬಿತ್ತು. ಹಿಂದಿನ ಚಕ್ರ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಕ್ಯಾರಿಯರಿಗೆ ಕ್ಯಾನು ಕಟ್ಟುತ್ತಿದ್ದ ನಾರಿನ ಹಗ್ಗ ಹಾಗೇ ಇತ್ತು, ಅಪ್ಪ ಹಾಕಿದ ಗಂಟೂ ಹಾಗೇ ಇತ್ತು. ಬಿಚ್ಚಲು ಹೋದೆ, ತಮ್ಮ ಬಿಡಲಿಲ್ಲ. ಲಗೇಜ್ ಆಟೊ ಕರೆಸಿ, ಸೈಕಲ್ಲನ್ನು ತಾನೇ ಎತ್ತಿ ಹಾಕಿದ.

ಆರು ತಿಂಗಳು ಸಾಲದು ಅಂತ ಅವನು ಇವತ್ತಿಗೂ ಹೇಳುತ್ತಾನೆ. ಅದೇ ಸೈಕಲ್ಲಿಗೆ ಹೊಸ ಚಕ್ರ ಹಾಕಿಸಿಕೊಂಡು ಡೈರಿಗೆ ಹೋಗುತ್ತಾನೆ. ಹಿಂದಿನ ಮಡ್‌ಗಾರ್ಡಿಗೆ ಅಂಗೈ ಅಗಲದ ಕೆಂಪು ರಿಫ್ಲೆಕ್ಟರ್ ಹಾಕಿಸಿದ್ದಾನೆ. ಬೆಳಗ್ಗೆ ಅವನು ಹೊರಟಾಗ ಅಮ್ಮ ಬಾಗಿಲಲ್ಲಿ ನಿಂತು, ಟಾರ್ಚ್ ಬಿಟ್ಟು ಅದು ಹೊಳೆಯುತ್ತದಾ ಅಂತ ನೋಡುತ್ತಾರೆ.